ಎರೆಹುಳುವಿನ ಹೆಪ್ಪು: ತೊಟ್ಟಿಗಿಂತ ಮೊದಲು ಹುಳು

ಹಾಲು ಎಷ್ಟು ಗಟ್ಟಿಯಾಗಿದ್ದರೂ, ಪಾತ್ರೆಯು ಎಷ್ಟು ಬೆಲೆಯುಳ್ಳದ್ದಾಗಿದ್ದರೂ, ಹೆಪ್ಪಿಲ್ಲದೆ ಮೊಸರಾಗದೆಂಬುದು ಸರ್ವರಿಗೂ ತಿಳಿದ ವಿಷಯವಾಗಿದೆ. ಆದುದರಿಂದಲೇ ಗೃಹಿಣಿಯು ಮೊಸರೆಲ್ಲವನ್ನೂ ಬಡಿಸಿ ಮುಗಿಸುವುದಕ್ಕೆ ಮೊದಲು ಮರುದಿನದ ಹೆಪ್ಪಿಗೆಂದು ಸ್ವಲ್ಪವನ್ನು ತೆಗೆದಿಡುವಳು. ಎರೆಗೊಬ್ಬರದ ವಿಷಯದಲ್ಲಿಯೂ ನಿಯಮವು ಇದೇ. ಆದರೆ ಅನೇಕ ಗ್ರಾಮಗಳಲ್ಲಿ ಈ ನಿಯಮವು ತಲೆಕೆಳಗಾಗಿ ನಡೆಯುತ್ತಿರುವುದು ವಿಷಾದಕರವಾದ ಸಂಗತಿ. ಮೊದಲು ಇಟ್ಟಿಗೆ, ಸಿಮೆಂಟು ಮತ್ತು ಮರಳು; ಆ ಮೇಲೆ ಕಸಕಡ್ಡಿ; ಕಟ್ಟಕಡೆಗೆ, ನೆನಪಾದರೆ, ಹುಳು. ಹೀಗೆ ಕಟ್ಟಿದ ತೊಟ್ಟಿಗಳಲ್ಲಿ ಕೆಲವು ಒಂದು ಬೇಸಿಗೆಯನ್ನು ಕಳೆಯುವುದರೊಳಗಾಗಿ ಸೌದೆಯನ್ನಿಡುವ ಗೂಡುಗಳಾಗಿಯೋ, ಕೋಳಿ ಕವಿಯುವ ಜಾಗಗಳಾಗಿಯೋ ಮಾರ್ಪಟ್ಟಿರುವುದನ್ನು ಹಳ್ಳಿಗಳಲ್ಲಿ ತಿರುಗುವವರು ಕಾಣದೆ ಇರಲಾರರು. ಕೊಟ್ಟಿಗೆಯನ್ನು ಕಟ್ಟಿದ ಮಾತ್ರಕ್ಕೆ ಹಾಲು ಬಾರದು. ತೊಟ್ಟಿಯನ್ನು ಕಟ್ಟಿದ ಮಾತ್ರಕ್ಕೆ ಗೊಬ್ಬರವೂ ಬಾರದು.

ಈ ವೈಫಲ್ಯಕ್ಕೆ ರೈತನ ಸೋಮಾರಿತನವೇ ಕಾರಣವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಅದು ನ್ಯಾಯವಲ್ಲ. ಸ್ವಲ್ಪ ಲೆಕ್ಕವನ್ನು ಹಾಕಿ ನೋಡಿದರೆ ನಿಜವಾದ ಕಾರಣವು ಗೋಚರಿಸುವುದು. ಒಂದು ಕಿಲೋಗ್ರಾಂ ತೂಕಕ್ಕೆ ಸುಮಾರು 1,000 ಬೆಳೆದ ಹುಳುಗಳು ತೂಗುತ್ತವೆ. ಎಲ್ಲ ಅನುಕೂಲಗಳೂ ಇದ್ದಾಗ ಹುಳುವು ದಿನವೊಂದಕ್ಕೆ ತನ್ನ ತೂಕದ ಸುಮಾರು ಅರ್ಧದಷ್ಟು ಆಹಾರವನ್ನು ತಿನ್ನುವುದೆಂದು ಇಟ್ಟುಕೊಳ್ಳಬಹುದು. ಹಾಗಾದರೆ 500 ಕಿಲೋಗ್ರಾಂ ಕಸ ತುಂಬಿದ ತೊಟ್ಟಿಗೆ ಒಂದು ಕಿಲೋಗ್ರಾಂ ಹುಳುವನ್ನು ಬಿಟ್ಟಾಗ, ಆ ದಿನದ ಬಲದಿಂದಲೇ ಅವು ಕೆಲಸ ಮಾಡುವುದಾದರೆ, ತಿಂದು ಮುಗಿಸಲು 1,000 ದಿನಗಳು ಬೇಕಾಗುವುವು. ಅಷ್ಟರಲ್ಲಿ ಕಸವು ಕಾವೇರಿ, ಅನಂತರ ಒಣಗಿ, ಇರುವೆಗೂ ಇಲಿಗೂ ಮನೆಯಾಗುವುದು. ಹುಳುಗಳು ಸಂತಾನದಿಂದ ಹೆಚ್ಚುತ್ತವೆಂಬುದು ನಿಜವಾದರೂ, ಹೆಚ್ಚುವುದಕ್ಕೆ ಕಾಲವೂ ಆರೈಕೆಯೂ ಬೇಕು. ಆದುದರಿಂದ ದೊಡ್ಡ ತೊಟ್ಟಿಗೆ ಕೈ ಹಾಕುವುದಕ್ಕೆ ಮುಂಚೆ ಸಣ್ಣದೊಂದು ಹೆಪ್ಪಿನ ಹಾಸಿಗೆಯನ್ನು ಸಿದ್ಧಪಡಿಸಿ, ಒಂದು ವರ್ಷದ ವರೆಗಾದರೂ ಅದನ್ನು ಮನೆಯ ಹಿತ್ತಿಲಿನಲ್ಲಿ ಸಾಕಿ, ಹುಳುವಿನ ಸ್ವಭಾವವನ್ನು ಅರಿತುಕೊಳ್ಳುವುದೇ ಸರಿಯಾದ ಮಾರ್ಗ. ಸಹಾಯಧನವೂ ಇದೇ ಕ್ರಮದಲ್ಲಿ ಹೋಗತಕ್ಕದ್ದು: ಮೊದಲು ಹುಳು, ಆ ಮೇಲೆ ತಿಳಿವಳಿಕೆ, ಕೊನೆಗೆ ತೊಟ್ಟಿ.

ಎರೆಹುಳುವಿನ ಉಪಯೋಗವು ಹೊಸದಾಗಿ ಹುಟ್ಟಿದ ಮಾತೇನೂ ಅಲ್ಲ. ಚಾರ್ಲ್ಸ್ ಡಾರ್ವಿನ್ ಪಂಡಿತನು 1881ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹೊಲದ ಮೇಲ್ಮಣ್ಣು ಹುಳುಗಳ ಹೊಟ್ಟೆಯ ಮೂಲಕ ಹಾದು ಸಡಿಲವಾಗುವ ರೀತಿಯನ್ನು ಬಹು ವರ್ಷಗಳ ಪರಿಶೀಲನೆಯಿಂದ ವಿವರಿಸಿದನು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ರಾಧಾ ಕಾಳೆಯವರೂ ಅವರ ಸಹೋದ್ಯೋಗಿಗಳೂ ಕಸವನ್ನು ಗೊಬ್ಬರವಾಗಿಸುವುದರಲ್ಲಿ ಈ ದೇಶದ್ದೇ ಆದ ಪೆರಿಯಾನಿಕ್ಸ್ ಎಕ್ಸ್‌ಕವೇಟಸ್ ಎಂಬ ಹುಳುವಿನ ಸಾಮರ್ಥ್ಯವನ್ನು ಕುರಿತು 1982ರಲ್ಲಿ ವಿಜ್ಞಾನ ಪತ್ರಿಕೆಯೊಂದರಲ್ಲಿ ಬರೆದರು. ಹೀಗೆ ಈ ವಿದ್ಯೆಗೆ ಕನ್ನಡ ನಾಡಿನಲ್ಲಿಯೇ ಒಳ್ಳೆಯ ತಳಹದಿಯುಂಟು. ಕೊರತೆಯಿರುವುದು ವಿದ್ಯೆಯಲ್ಲಲ್ಲ, ಅದನ್ನು ಹಿತ್ತಿಲಿಗೆ ಮುಟ್ಟಿಸುವ ಕ್ರಮದಲ್ಲಿ.

ಹೆಪ್ಪಿಗೆ ಯಾವ ಹುಳುವನ್ನು ಆರಿಸಬೇಕೆಂಬುದು ಮೊದಲನೆಯ ಪ್ರಶ್ನೆ. ಮಳೆಗಾಲದಲ್ಲಿ ಹೊಲದ ಬದುವಿನಲ್ಲಿ ಅಗೆದಾಗ ಸಿಕ್ಕುವ ಹುಳುಗಳನ್ನು ತಂದು ಪೆಟ್ಟಿಗೆಗೆ ಹಾಕುವವರುಂಟು. ಇದರಿಂದ ಪ್ರಯೋಜನವಿಲ್ಲ. ಹೊಲದ ಹುಳುಗಳಲ್ಲಿ ಬಹುಪಾಲು ಮಣ್ಣನ್ನು ತಿಂದು ಆಳದಲ್ಲಿ ಬಿಲಗಳನ್ನು ಮಾಡಿಕೊಂಡಿರುವ ಜಾತಿಗಳು. ಬರಿಯ ಕಸ ಸಗಣಿಗಳ ಹಾಸಿಗೆಯಲ್ಲಿ ಅವು ಬಾಳಲಾರವು. ಗೊಬ್ಬರಕ್ಕೆ ಬೇಕಾದವು ನೆಲದ ಮೇಲ್ಭಾಗದ ತರಗಿನಲ್ಲಿಯೂ ಸಗಣಿಯಲ್ಲಿಯೂ ವಾಸಿಸುವ ಜಾತಿಗಳು. ಇವುಗಳಲ್ಲಿ ಮೂರು ಮುಖ್ಯವಾದವು. ಯೂರೋಪು ಮೂಲದ ಐಸೀನಿಯಾ ಫೀಟಿಡಾ ತಂಪನ್ನು ಚೆನ್ನಾಗಿ ತಾಳಿಕೊಳ್ಳುವುದು. ಪಶ್ಚಿಮ ಆಫ್ರಿಕದಿಂದ ಬಂದ ಯೂಡ್ರಿಲಸ್ ಯೂಜೀನಿಯೆ ಗಾತ್ರದಲ್ಲಿ ದೊಡ್ಡದು, ಬೇಗ ಬೆಳೆಯುವುದು, ಬೆಚ್ಚಗಿನ ಹವೆಯನ್ನು ಬಯಸುವುದು, ಚಳಿಗೆ ಕುಗ್ಗುವುದು. ಮೇಲೆ ಹೇಳಿದ ಪೆರಿಯಾನಿಕ್ಸ್ ತೆಳ್ಳಗಿದ್ದು, ಬೆನ್ನಿನ ಮೇಲೆ ನೇರಳೆಯ ಹೊಳಪುಳ್ಳದ್ದು. ಜೋರು ಮಳೆಯ ರಾತ್ರಿಗಳಲ್ಲಿ ಹಾಸಿಗೆಯನ್ನು ಬಿಟ್ಟು ಹೊರಡುವ ಚಾಳಿಯೊಂದು ಇದಕ್ಕುಂಟು. ಹೊರದೇಶದ ಹುಳುವೆಂದೊಡನೆ ಶ್ರೇಷ್ಠವೆಂದು ತಿಳಿಯುವುದೂ, ನಾಡಿನದೆಂದೊಡನೆ ಸಾಮಾನ್ಯವೆಂದು ತಳ್ಳುವುದೂ ಎರಡೂ ತಪ್ಪು. ತನ್ನ ಊರಿನ ಹವೆಯಲ್ಲಿ ನೆರೆಯವನ ಹಿತ್ತಿಲಿನಲ್ಲಿ ಒಂದು ಬೇಸಿಗೆಯನ್ನು ಕಳೆದು ಉಳಿದಿರುವ ಹುಳುವೇ ರೈತನಿಗೆ ಅತ್ಯುತ್ತಮವಾದ ಹೆಪ್ಪು.

ಇನ್ನು ಹಾಸಿಗೆಯ ವಿಚಾರ. ಹೆಪ್ಪಿಗೆ ಅರ್ಧ ಕಿಲೋಗ್ರಾಂ ಹುಳು ಸಾಕು. ಹಳೆಯ ಮರದ ಪೆಟ್ಟಿಗೆ, ಬಾಯಿ ಅಗಲವಾದ ಮಣ್ಣಿನ ಬಾನಿ, ಒಡೆದ ಪ್ಲಾಸ್ಟಿಕ್ ಡ್ರಮ್ಮಿನ ಅರ್ಧ, ಇವುಗಳಲ್ಲಿ ಯಾವುದಾದರೂ ಆಗಬಹುದು. ಹುಳುಗಳು ಮೇಲ್ಭಾಗದಲ್ಲಿಯೇ ಇರುವುದರಿಂದ ಒಂದು ಅಡಿಗಿಂತ ಹೆಚ್ಚು ಆಳ ಬೇಡ, ಅಗಲವಿದ್ದಷ್ಟೂ ಒಳ್ಳೆಯದು. ನೀರು ನಿಲ್ಲದಂತೆ ತಳದಲ್ಲಿ ತೂತುಗಳಿರಬೇಕು. ತಳಕ್ಕೆ ಎರಡು ಅಂಗುಲ ತೆಂಗಿನ ನಾರು ಅಥವಾ ಹೆಂಚಿನ ಚೂರು, ಅದರ ಮೇಲೆ ಮೂರು ಅಂಗುಲ ನೆನೆಸಿದ ರಾಗಿ ಹುಲ್ಲು ಇಲ್ಲವೆ ತರಗೆಲೆ, ಅದರ ಮೇಲೆ ನಾಲ್ಕು ಅಂಗುಲ ಅರೆ ಕಳಿತ ಸಗಣಿ, ನಡುನಡುವೆ ಒಂದೆರಡು ಹಿಡಿ ತೋಟದ ಮಣ್ಣು; ಇಷ್ಟರಿಂದ ಹಾಸಿಗೆಯು ಸಿದ್ಧವಾಗುವುದು. ಹುಳುವಿಗೆ ಹಲ್ಲಿಲ್ಲ, ಮಣ್ಣಿನ ಹರಳೇ ಅದರ ಹೊಟ್ಟೆಯಲ್ಲಿ ಬೀಸುಕಲ್ಲಿನ ಕೆಲಸವನ್ನು ಮಾಡುವುದು. ಆದುದರಿಂದ ಆ ಒಂದು ಹಿಡಿ ಮಣ್ಣನ್ನು ಮರೆಯಬಾರದು.

ಹಸಿ ಸಗಣಿಯನ್ನು ಎಂದಿಗೂ ಉಪಯೋಗಿಸಕೂಡದು. ಅದು ಕಳಿಯುವಾಗ ಕಾವೇರುವುದು, ಗಂಜಲ ಬೆರೆತಿದ್ದರೆ ಉಸಿರುಗಟ್ಟಿಸುವ ವಾಸನೆಯೂ ಏಳುವುದು. ಇವೆರಡೂ ಹುಳುವಿಗೆ ಮಾರಕ. ನೆರಳಿನಲ್ಲಿ ಹದಿನೈದು ಇಪ್ಪತ್ತು ದಿನ ಹರಡಿ ಆರಿಸಿದ ಸಗಣಿಯೇ ಯೋಗ್ಯವಾದುದು. ಜಂತುಹುಳುವಿನ ಔಷಧವನ್ನು ಕುಡಿಸಿದ ದನದ ಸಗಣಿಯನ್ನು ಕೆಲವು ದಿನ ಬೇರೆಯಾಗಿಯೇ ಇಡುವುದು ಕ್ಷೇಮಕರ. ಹಾಸಿಗೆಯನ್ನು ಹಾಕಿ ನೀರು ಚಿಮುಕಿಸಿ ಮೂರು ನಾಲ್ಕು ದಿನ ಬಿಟ್ಟು, ಒಳಗೆ ಕೈಯಿಟ್ಟು ನೋಡಬೇಕು. ಬಿಸಿ ತಗುಲಿದರೆ ಇನ್ನೂ ಕಾಯತಕ್ಕದ್ದು. ತಣ್ಣಗಿದ್ದರೂ ಎಲ್ಲ ಹುಳುಗಳನ್ನೂ ಒಮ್ಮೆಗೇ ಬಿಡದೆ ಹತ್ತನ್ನು ಮಾತ್ರ ಬಿಟ್ಟು ಪರೀಕ್ಷಿಸಬೇಕು. ಮರುದಿನ ಅವು ಒಳಗೆ ಇಳಿದು ನೆಮ್ಮದಿಯಾಗಿದ್ದರೆ ಉಳಿದವನ್ನು ಬಿಡಬಹುದು. ಅಂಚಿಗೆ ಬಂದು ಹೊರಹೋಗಲು ಯತ್ನಿಸುತ್ತಿದ್ದರೆ ಹಾಸಿಗೆಯಲ್ಲಿ ದೋಷವುಂಟೆಂದು ತಿಳಿಯಬೇಕು. ಹತ್ತು ಹುಳುಗಳ ಪರೀಕ್ಷೆಯಿಂದ ಐನೂರು ಹುಳುಗಳ ಪ್ರಾಣವು ಉಳಿಯುವುದು.

ಹುಳುವಿಗೆ ಶ್ವಾಸಕೋಶವಿಲ್ಲ, ತೊಯ್ದ ಚರ್ಮದ ಮೂಲಕವೇ ಅದು ಉಸಿರಾಡುವುದು. ಆರೈಕೆಯ ಗುಟ್ಟೆಲ್ಲವೂ ಈ ಒಂದು ಮಾತಿನಲ್ಲಿ ಅಡಗಿದೆ. ಒಣಗಿದರೆ ಉಸಿರು ನಿಲ್ಲುವುದು, ನೀರು ನಿಂತರೂ ಗಾಳಿಯಿಲ್ಲದೆ ಉಸಿರು ಕಟ್ಟುವುದು. ಹಾಸಿಗೆಯಿಂದ ಒಂದು ಹಿಡಿಯನ್ನು ತೆಗೆದು ಬಲವಾಗಿ ಹಿಂಡಿದಾಗ ಒಂದೆರಡು ಹನಿಗಳು ಮಾತ್ರ ಜಿನುಗಿದರೆ ತೇವವು ಹದವಾಗಿದೆ. ಧಾರೆಯಾಗಿ ಸುರಿದರೆ ಹೆಚ್ಚು, ಏನೂ ಬಾರದಿದ್ದರೆ ಕಡಮೆ. ಮೇಲೆ ಒದ್ದೆ ಗೋಣಿತಾಟನ್ನು ಹೊದಿಸಿ, ಬಿಸಿಲೂ ಮಳೆಯ ಇರಚಲೂ ಬೀಳದಂತೆ ಚಪ್ಪರದ ಕೆಳಗೆ ಇಡಬೇಕು. ರಾಯಚೂರು, ಕಲಬುರಗಿಗಳಂತಹ ಸೀಮೆಗಳಲ್ಲಿ ಏಪ್ರಿಲ್ ಮೇ ತಿಂಗಳುಗಳ ಹಗಲಿನ ಬಿಸಿಲು 40 ಡಿಗ್ರಿಯನ್ನು ಮೀರುವುದು ವಾಡಿಕೆ. ಹುಳುಗಳಾದರೋ 30 ಡಿಗ್ರಿಯನ್ನು ದಾಟಿದ ಮೇಲೆ ಕಷ್ಟಪಡತೊಡಗುವುವು. ಅಲ್ಲಿಯ ರೈತರು ಬೇಸಿಗೆಯಲ್ಲಿ ಪಾತ್ರೆಯನ್ನು ಮರದ ನೆರಳಿನಲ್ಲಿ, ತಳದಲ್ಲಿ ನೀರು ನಿಲ್ಲದ ಜಾಗದಲ್ಲಿ, ಅರ್ಧದ ವರೆಗೆ ಹೂಳಿ ಸುತ್ತಲೂ ನೀರು ಚಿಮುಕಿಸುವುದು ಒಳ್ಳೆಯದು. ಆ ಎರಡು ತಿಂಗಳು ಗೊಬ್ಬರದ ಆಸೆಯನ್ನು ಬಿಟ್ಟು ಹೆಪ್ಪನ್ನು ಉಳಿಸಿಕೊಳ್ಳುವುದೊಂದೇ ಗುರಿಯಾಗಿರಬೇಕು.

ಆಹಾರವನ್ನು ವಾರಕ್ಕೊಮ್ಮೆ, ಎರಡು ಬೆರಳು ದಪ್ಪಕ್ಕೆ ಮೀರದಂತೆ, ಒಂದೇ ಪಕ್ಕದಲ್ಲಿ ಹಾಕಬೇಕು. ಹಿಂದಿನದು ಕರಗದೆ ಇದ್ದರೆ ಹೊಸದನ್ನು ಹಾಕಬಾರದು. ಮಲೆನಾಡಿನಲ್ಲಿ ಅಡಕೆಯ ಸೋಗೆ, ತುಮಕೂರಿನ ಕಡೆ ತೆಂಗಿನ ಗರಿ, ಮಂಡ್ಯದಲ್ಲಿ ಕಬ್ಬಿನ ರವದಿ, ಹೀಗೆ ಆಯಾ ಸೀಮೆಯಲ್ಲಿ ದೊರೆಯುವುದನ್ನೇ ಚಿಕ್ಕದಾಗಿ ಕತ್ತರಿಸಿ, ಸಗಣಿ ನೀರಿನಲ್ಲಿ ನೆನೆಸಿ, ಮೊದಲೇ ಕೊಳೆಯಿಸಿ ಕೊಡಬಹುದು. ಉಪ್ಪು, ಎಣ್ಣೆ, ಮೆಣಸಿನಕಾಯಿ, ನಿಂಬೆಯ ಸಿಪ್ಪೆ, ಹೊಗೆಸೊಪ್ಪಿನ ಕಡ್ಡಿ, ಕಳೆನಾಶಕ ಸಿಂಪಡಿಸಿದ ಹುಲ್ಲು, ಇವು ವರ್ಜ್ಯ. ರಾಮನಗರ, ಕೋಲಾರಗಳ ರೇಷ್ಮೆ ಬೆಳೆಗಾರರು ಹಿಪ್ಪುನೇರಳೆಯ ಕಡ್ಡಿಯನ್ನೂ ಹುಳುವಿನ ಹಿಕ್ಕೆಯನ್ನೂ ಉಪಯೋಗಿಸಬಹುದಾದರೂ, ಸಾಕಣೆಯ ಮನೆಯಲ್ಲಿ ಎರಚಿದ ಸುಣ್ಣವೂ ಬ್ಲೀಚಿಂಗ್ ಪುಡಿಯೂ ಬೆರೆತ ಕಸವನ್ನು ಎರೆಹುಳುವಿಗೆ ಕೊಡುವುದೆಂದರೆ ವಿಷವನ್ನಿಕ್ಕಿದಂತೆಯೇ ಸರಿ.

ಶತ್ರುಗಳಲ್ಲಿ ಇರುವೆಯೇ ಮೊದಲನೆಯದು. ಪೆಟ್ಟಿಗೆಯನ್ನು ನಾಲ್ಕು ಕಲ್ಲುಗಳ ಮೇಲಿಟ್ಟು, ಕಲ್ಲುಗಳನ್ನು ನೀರು ತುಂಬಿದ ತಟ್ಟೆಗಳಲ್ಲಿ ನಿಲ್ಲಿಸಿದರೆ ಅದರ ಕಾಟವು ತಪ್ಪುವುದು. ಕೋಳಿ, ಇಲಿ, ಹೆಗ್ಗಣಗಳಿಗೆ ಸಣ್ಣ ಕಣ್ಣಿನ ತಂತಿ ಬಲೆಯು ಅಡ್ಡಿಯಾಗುವುದು. ಆದರೆ ಹಾಸಿಗೆಯಲ್ಲಿ ಕಾಣುವ ಜೀವಿಗಳೆಲ್ಲವೂ ಶತ್ರುಗಳೆಂದು ಭಾವಿಸಿ ಪುಡಿಯೌಷಧಿಯನ್ನು ಎರಚುವ ಅಭ್ಯಾಸವು ಬಹು ಅನರ್ಥಕರ. ಗೋಣಿತಾಟನ್ನು ಎತ್ತಿದಾಗ ಬೂದುಬಣ್ಣದ, ಬೆನ್ನಿನ ಮೇಲೆ ಪಟ್ಟಿಪಟ್ಟಿಯಾದ ಕವಚವುಳ್ಳ, ಏಳು ಜೊತೆ ಕಾಲುಗಳ ಪುಟ್ಟ ಜೀವಿಗಳು ಓಡಾಡುವುದನ್ನು ರೈತರು ಕಂಡಿರಬಹುದು. ಅವುಗಳಲ್ಲಿ ಕೆಲವು ಜಾತಿಗಳು ಮುಟ್ಟಿದೊಡನೆ ಉಂಡೆಯಾಗುವುವು. ಐಸೊಪಾಡ್ ಎಂದು ಕರೆಯಲ್ಪಡುವ ಇವು ಕೀಟಗಳಲ್ಲ; ಏಡಿ ಸೀಗಡಿಗಳ ನಂಟರು. ನೆಲದ ಮೇಲೆ ಬಾಳಿದರೂ ಕಿವಿರುಗಳಂತಹ ಅಂಗಗಳಿಂದಲೇ ಇವು ಮುಖ್ಯವಾಗಿ ಉಸಿರಾಡುವುವು. ತಾಯಿಯು ಮೊಟ್ಟೆಗಳನ್ನು ಹೊಟ್ಟೆಯ ಕೆಳಗಿನ ಚೀಲದಲ್ಲಿ ಹೊತ್ತು ತಿರುಗುವಳು. ಒಣಗಿದ ಎಲೆಯನ್ನೂ ಕೊಳೆತ ಕಡ್ಡಿಯನ್ನೂ ಕಡಿದು ಚೂರು ಮಾಡಿ ಇವು ಹುಳುವಿನ ಕೆಲಸವನ್ನು ಹಗುರಗೊಳಿಸುತ್ತವೆ. ತೇವವಿಲ್ಲದ ಕಡೆ ಇವು ನಿಲ್ಲಲಾರವಾದುದರಿಂದ, ಮೇಲ್ಭಾಗದಿಂದ ಇವು ಒಮ್ಮೆಗೇ ಮಾಯವಾದರೆ ಹಾಸಿಗೆಯು ಒಣಗುತ್ತಿರಬಹುದೆಂದು ಪರೀಕ್ಷಿಸುವುದು ಜಾಣತನ. ಜರಿಯನ್ನು ಮಾತ್ರ ಕಂಡೊಡನೆ ತೆಗೆದುಹಾಕಬೇಕು, ಅದು ಮಾಂಸಾಹಾರಿ.

ಹುಳುಗಳ ಸಂತಾನ ಕ್ರಮವನ್ನು ಅರಿಯದೆ ಹೆಪ್ಪನ್ನು ಕಾಪಾಡಲಾಗದು. ಪ್ರತಿಯೊಂದು ಹುಳುವಿನಲ್ಲಿಯೂ ಗಂಡು ಹೆಣ್ಣುಗಳೆರಡರ ಅಂಗಗಳೂ ಇದ್ದರೂ, ಸಾಮಾನ್ಯವಾಗಿ ಎರಡು ಹುಳುಗಳು ಕೂಡಿದ ಮೇಲೆಯೇ ಸಂತಾನವಾಗುವುದು. ಕೊರಳಿನ ಬಳಿ ಉಬ್ಬಿದ ಪಟ್ಟಿಯು ಮೂಡಿದಾಗ ಹುಳುವು ಪ್ರಾಯಕ್ಕೆ ಬಂದಿದೆಯೆಂದು ಅರ್ಥ. ಅದು ಇಡುವ ತತ್ತಿಯ ಗೂಡು ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದಾಗಿ, ನಿಂಬೆಯ ಹಣ್ಣಿನ ಆಕಾರದಲ್ಲಿದ್ದು, ದಿನಗಳೆದಂತೆ ಕಂದು ಬಣ್ಣಕ್ಕೆ ತಿರುಗುವುದು. ಸುಮಾರು ಎರಡು ಮೂರು ವಾರಗಳಲ್ಲಿ ಒಂದೊಂದು ಗೂಡಿನಿಂದ ಜಾತಿಗೆ ತಕ್ಕಂತೆ ಒಂದರಿಂದ ನಾಲ್ಕರ ವರೆಗೆ ನೂಲೆಳೆಯಂತಹ ಮರಿಗಳು ಹೊರಬರುವುವು. ಗೊಬ್ಬರವನ್ನು ಜರಡಿ ಹಿಡಿದ ದಿನವೇ ಹೊಲಕ್ಕೆ ಸಾಗಿಸುವ ರೈತನು, ತನಗರಿಯದಂತೆಯೇ, ಮುಂದಿನ ತಲೆಮಾರಿನ ಹುಳುಗಳನ್ನು ಬಿಸಿಲಿಗೆ ಚೆಲ್ಲಿದಂತಾಗುವುದು. ಆದುದರಿಂದ ಜರಡಿಯಾಡಿಸಿದ ಗೊಬ್ಬರವನ್ನು ನೆರಳಿನಲ್ಲಿ ತೇವವಾಗಿ ಮೂರು ವಾರ ರಾಶಿ ಹಾಕಿ, ನಡುನಡುವೆ ಕಳಿತ ಸಗಣಿಯ ಉಂಡೆಗಳನ್ನಿಟ್ಟರೆ, ಮರಿಗಳು ಆ ಉಂಡೆಗಳಿಗೆ ಬಂದು ಸೇರುವುವು. ಅವನ್ನೆತ್ತಿ ಹಾಸಿಗೆಗೆ ಮರಳಿಸಿ, ಆ ಮೇಲೆ ಗೊಬ್ಬರವನ್ನು ಉಪಯೋಗಿಸತಕ್ಕದ್ದು.

ಒಳ್ಳೆಯ ಆರೈಕೆಯಿದ್ದರೆ ಎರಡು ಮೂರು ತಿಂಗಳಿಗೊಮ್ಮೆ ಹುಳುಗಳು ಇಮ್ಮಡಿಯಾಗುವುವೆಂದು ಮಿತವಾಗಿ ಎಣಿಸಿದರೂ, ಜೂನ್ ತಿಂಗಳಿನ ಅರ್ಧ ಕಿಲೋಗ್ರಾಂ ಹೆಪ್ಪು ಸೆಪ್ಟೆಂಬರಿಗೆ ಒಂದು, ಡಿಸೆಂಬರಿಗೆ ಎರಡು, ಮಾರ್ಚಿಗೆ ನಾಲ್ಕು ಕಿಲೋಗ್ರಾಂ ಆಗಬಹುದು. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳವೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಆದರೆ ಹಿಂದಿನ ಹಾಸಿಗೆಯನ್ನು ಪೂರ್ತಿಯಾಗಿ ಬರಿದು ಮಾಡಿ ಹೊಸದಕ್ಕೆ ಸುರಿಯಬಾರದು. ಅರ್ಧವನ್ನು ತೆಗೆದು ಅರ್ಧವನ್ನು ಉಳಿಸಬೇಕು. ಹೆಪ್ಪನ್ನು ಎರಡು ಪಾತ್ರೆಗಳಲ್ಲಿ, ಎರಡು ಬೇರೆ ಜಾಗಗಳಲ್ಲಿ ಇಡಬೇಕು. ಒಂದಕ್ಕೆ ಇರುವೆ ನುಗ್ಗಿದರೂ ಮತ್ತೊಂದು ಉಳಿಯುವುದು.

ಇಷ್ಟು ಶ್ರಮಕ್ಕೆ ಫಲವೇನೆಂದು ರೈತನು ಕೇಳುವುದು ಸಹಜ. ಇಲ್ಲಿ ಉತ್ಪ್ರೇಕ್ಷೆ ಮಾಡುವವರಿಂದ ಕೆಲಸಕ್ಕೆ ಹಾನಿಯೇ ಆಗಿದೆ. ಎರೆಗೊಬ್ಬರದಲ್ಲಿ ಸಾರಜನಕವು ಸಾಮಾನ್ಯವಾಗಿ ಶೇಕಡ 1ರಿಂದ 2ರ ವರೆಗೆ ಮಾತ್ರ ಇರುವುದು. ಯೂರಿಯಾದಲ್ಲಿ ಶೇಕಡ 46. ಅಂದರೆ 45 ಕಿಲೋಗ್ರಾಮಿನ ಒಂದು ಮೂಟೆ ಯೂರಿಯಾದಲ್ಲಿರುವಷ್ಟು ಸಾರಜನಕಕ್ಕೆ ಸುಮಾರು 1,400 ಕಿಲೋಗ್ರಾಂ ಎರೆಗೊಬ್ಬರವು ಬೇಕು. ಹಿತ್ತಿಲಿನ ಒಂದು ಪೆಟ್ಟಿಗೆಯಿಂದ ಹತ್ತು ಎಕರೆಯ ರಸಗೊಬ್ಬರದ ಖರ್ಚು ತಪ್ಪುವುದೆಂದು ಹೇಳುವವರು ರೈತನನ್ನು ವಂಚಿಸಿದಂತೆ. ಎರೆಗೊಬ್ಬರದ ನಿಜವಾದ ಬೆಲೆಯು ಬೇರೆ ಕಡೆ ಇದೆ: ಅದು ಮಣ್ಣಿಗೆ ಸೇಂದ್ರಿಯ ಪದಾರ್ಥವನ್ನು ಕೊಡುವುದು, ತೇವವನ್ನು ಹಿಡಿದಿಡುವುದು, ಸೂಕ್ಷ್ಮಜೀವಿಗಳನ್ನು ಪೋಷಿಸುವುದು. ತರಕಾರಿಯ ಒಟ್ಟುಪಾತಿಗೂ, ಅಡಕೆ ತೆಂಗುಗಳ ಬುಡಕ್ಕೂ, ಹೂವಿನ ತೋಟಕ್ಕೂ ಮೊದಲು ಅದನ್ನು ಉಪಯೋಗಿಸಿ, ಹುಳುವು ಹೆಚ್ಚಿದಂತೆ ಹೊಲದ ಕಡೆ ಹೋಗುವುದು ವಿವೇಕ. ಗೊಬ್ಬರದೊಡನೆ ಹುಳುವನ್ನೂ ಹೊಲಕ್ಕೆ ಬಿಟ್ಟರೆ ಒಳ್ಳೆಯದೆಂಬ ನಂಬಿಕೆಯೂ ಸರಿಯಲ್ಲ. ಕಸದ ಹುಳು ಉತ್ತ ಹೊಲದಲ್ಲಿ ಬಾಳದು. ಕಾಡಿನಂಚಿನ ಊರುಗಳಲ್ಲಿಯಂತೂ ಹೊರದೇಶದ ಹುಳುಗಳನ್ನು ಹಳ್ಳಕೊಳ್ಳಗಳಿಗೆ ಚೆಲ್ಲಕೂಡದು. ದಕ್ಷಿಣ ಅಮೆರಿಕದ ಪಾಂಟೊಸ್ಕೋಲೆಕ್ಸ್ ಎಂಬ ಹುಳುವು ಪಶ್ಚಿಮಘಟ್ಟದ ತೋಟಗಳಲ್ಲಿ ಹೇಗೆ ಹಬ್ಬಿದೆಯೆಂಬುದು ಇದಕ್ಕೆ ಸಾಕಾದ ಎಚ್ಚರಿಕೆ.

ದನಗಳೇ ಕಡಮೆಯಾಗುತ್ತಿರುವಾಗ ಸಗಣಿಯು ಎಲ್ಲಿಂದ ಬರಬೇಕು, ಕೂಲಿಯಾಳುಗಳೇ ಸಿಕ್ಕದಿರುವಾಗ ಇದನ್ನು ನೋಡಿಕೊಳ್ಳುವವರು ಯಾರು ಎಂಬ ಆಕ್ಷೇಪಣೆಯುಂಟು. ಇದು ಅಲ್ಲಗಳೆಯತಕ್ಕ ಮಾತಲ್ಲ. ಆದರೆ ಈ ಎರಡು ಕಾರಣಗಳೂ ದೊಡ್ಡ ತೊಟ್ಟಿಗೆ ವಿರೋಧವಾದುವೇ ಹೊರತು ಸಣ್ಣ ಹೆಪ್ಪಿಗಲ್ಲ. ಒಂದೇ ಹಸುವುಳ್ಳವನಿಗೂ ಪೆಟ್ಟಿಗೆಯೊಂದಕ್ಕೆ ಬೇಕಾದಷ್ಟು ಸಗಣಿಯಿರುವುದು. ದಿನಕ್ಕೆ ಕಾಲು ಗಂಟೆಯ ಕೆಲಸಕ್ಕೆ ಆಳು ಬೇಕಿಲ್ಲ. ಆ ಕಾಲು ಗಂಟೆಯು ಬಹುಮಟ್ಟಿಗೆ ಮನೆಯ ಹೆಂಗಸರ ಪಾಲಿಗೇ ಬೀಳುವುದೆಂಬುದನ್ನೂ ಮರೆಮಾಚಬಾರದು. ಹಸುವನ್ನು ನೋಡುವವರೂ, ಹೆಪ್ಪನ್ನು ತೆಗೆದಿಡುವವರೂ ಅವರೇ. ಹೀಗಿದ್ದೂ ತರಬೇತಿಯ ಸಭೆಗೆ ಗಂಡಸರನ್ನು ಮಾತ್ರ ಕರೆದು, ಸಹಾಯಧನವನ್ನು ಗಂಡಸಿನ ಹೆಸರಿಗೆ ಬರೆದು, ದುಡಿಮೆಯನ್ನು ಮಾತ್ರ ಹೆಂಗಸಿಗೆ ಬಿಡುವುದು ಯಾವ ನ್ಯಾಯ? ಹುಳುವನ್ನು ಸಾಕುವವಳ ಕೈಗೇ ತಿಳಿವಳಿಕೆಯೂ ಹಣವೂ ಸೇರತಕ್ಕದ್ದು.

ಆದುದರಿಂದ ಅಧಿಕಾರಿಗಳು ಮೂರು ಕ್ರಮಗಳನ್ನು ಕೈಗೊಳ್ಳುವುದು ಯುಕ್ತವಾಗಿ ತೋರುತ್ತದೆ. ಮೊದಲನೆಯದಾಗಿ, ಹೋಬಳಿಯ ರೈತ ಸಂಪರ್ಕ ಕೇಂದ್ರಗಳಲ್ಲಿ ತಾಯಿ ಹಾಸಿಗೆಯೊಂದನ್ನು ವರ್ಷವಿಡೀ ಜೀವಂತವಾಗಿ ಇಟ್ಟು, ಕೇಳಿದವರಿಗೆ ಅರ್ಧ ಕಿಲೋಗ್ರಾಂ ಹೆಪ್ಪನ್ನು ಕೊಡಬೇಕು. ಎರಡನೆಯದಾಗಿ, ಹಿಂದೆ ಬಿತ್ತನೆಯ ಬೀಜವನ್ನು ಕಡವಾಗಿ ತಂದು ಸುಗ್ಗಿಯಲ್ಲಿ ಹಿಂದಿರುಗಿಸುತ್ತಿದ್ದಂತೆ, ಹೆಪ್ಪನ್ನು ಪಡೆದವರು ವರ್ಷದೊಳಗೆ ಅಷ್ಟೇ ಹುಳುವನ್ನು ಮತ್ತೊಂದು ಮನೆಗೆ ಕೊಡುವ ಕಟ್ಟುಪಾಡನ್ನು ಮಾಡಬೇಕು. ಮೂರನೆಯದಾಗಿ, ತೊಟ್ಟಿಯ ಸಹಾಯಧನವನ್ನು ಒಂದು ಬೇಸಿಗೆಯನ್ನು ದಾಟಿಸಿದ ಹುಳುವುಳ್ಳವರಿಗೆ ಮಾತ್ರ ಕೊಟ್ಟು, ಸಿಬ್ಬಂದಿಯ ಕೆಲಸವನ್ನು ಕಟ್ಟಿಸಿದ ತೊಟ್ಟಿಗಳ ಸಂಖ್ಯೆಯಿಂದಲ್ಲದೆ, ವರ್ಷದ ಮೇಲೆಯೂ ಹುಳುಗಳು ಜೀವದಿಂದಿರುವ ಹಾಸಿಗೆಗಳ ಸಂಖ್ಯೆಯಿಂದ ಅಳೆಯಬೇಕು. ತೊಟ್ಟಿಯ ಛಾಯಾಚಿತ್ರವನ್ನು ಒಂದು ದಿನದಲ್ಲಿ ತೆಗೆಯಬಹುದು. ಹುಳುವಿನ ಲೆಕ್ಕವನ್ನು ಕೊಡಬೇಕಾದರೆ ಮರಳಿ ಆ ಹಿತ್ತಿಲಿಗೆ ಹೋಗಲೇಬೇಕಾಗುವುದು. ಅಂತಹ ಮರುಭೇಟಿಯೇ ಈ ಕಾರ್ಯಕ್ಕೆ ಇಂದು ಹೆಚ್ಚಾಗಿ ಬೇಕಾಗಿರುವುದು.

ರೈತಬಾಂಧವರು ಇದಕ್ಕಾಗಿ ಯಾರ ಅಪ್ಪಣೆಯನ್ನೂ ಕಾಯಬೇಕಾಗಿಲ್ಲ. ಮುಂಗಾರು ಹಿಡಿದು ಹವೆಯು ತಂಪಾದೊಡನೆ ಹಳೆಯ ಪೆಟ್ಟಿಗೆಯೊಂದನ್ನು ತೊಳೆದು, ಹದಿನೈದು ದಿನ ಮುಂಚಿತವಾಗಿ ಸಗಣಿಯನ್ನು ನೆರಳಿನಲ್ಲಿ ಆರಹಾಕಿ, ಹುಳುವುಳ್ಳ ನೆರೆಯವರಲ್ಲಿ ಒಂದು ಬೊಗಸೆಯನ್ನು ಕೇಳಿ ತಂದರೆ ಕೆಲಸವು ಪ್ರಾರಂಭವಾದಂತೆಯೇ. ಮುಂದಿನ ಮುಂಗಾರಿನ ವೇಳೆಗೆ ಹುಳುಗಳು ಪೆಟ್ಟಿಗೆಯಲ್ಲಿ ಹಿಡಿಸಲಾರದಷ್ಟು ಹೆಚ್ಚಿದ್ದರೆ, ತೊಟ್ಟಿಯನ್ನು ಕಟ್ಟುವ ಮಾತನ್ನು ಆಗ ಎತ್ತಬಹುದು.